ಲೋಕದ ಕಾಳಜಿಯೂ ಅಟ್ಟದ ಗಿಟಾರೂ

ಮನೆಯ ಯಜಮಾನನಾದವನು ವರ್ಷಕ್ಕೊಂದಾವೃತ್ತಿಯಾದರೂ ತಾನೇ ಅಟ್ಟವನ್ನು ಹತ್ತಿ ನೋಡತಕ್ಕದ್ದೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಇಲಿ ಹೆಗ್ಗಣಗಳ ಕಾಟವೆಷ್ಟು, ಹೆಂಚು ಸರಿದಿರುವುದೆಲ್ಲಿ, ಕೂಡಿಟ್ಟ ಸಾಮಾನುಗಳಲ್ಲಿ ಬೇಕಾದುದಾವುದು, ಬೇಡವಾದುದಾವುದು ಎಂಬಿವು ಕೆಳಗೆ ಕುಳಿತವನಿಗೆ ತಿಳಿಯತಕ್ಕವಲ್ಲ. ಈ ಮಾತನ್ನು ನಾವು ಬಹುಕಾಲ ಅಲಕ್ಷ್ಯ ಮಾಡಿದೆವು. ಕಳೆದ ಮಳೆಗಾಲದಲ್ಲಿ ಮಧುಗಿರಿಯ ನಮ್ಮ ಹಳೆಯ ಮನೆಯ ನಡುಮನೆಯೊಳಕ್ಕೆ ನೀರು ತೊಟ್ಟಿಕ್ಕಲಾರಂಭಿಸಿದ ಮೇಲೆ ವಿಧಿಯಿಲ್ಲದೆ ಏಣಿಯನ್ನು ಹಾಕಿಕೊಂಡು ಹತ್ತಿದೆವು. ಹೆಂಚನ್ನು ಸರಿಪಡಿಸಿ ಇಳಿಯುವ ವೇಳೆಗೆ, ತಾಮ್ರದ ಹಂಡೆಯೊಂದರ ಹಿಂದೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಗಿಟಾರೊಂದು ಕೈಗೆ ತಾಕಿತು. ಪಂಚೆ ನಮ್ಮದು, ಸುತ್ತಿಟ್ಟವರು ನಮ್ಮ ಮನೆಯವರು, ಗಿಟಾರು ನಮ್ಮ ಮಗನದು, ಅದು ಅಟ್ಟಕ್ಕೇರುವಂತೆ ಮಾಡಿದ ಮಾತು ಮಾತ್ರ ನಮ್ಮದು.

ಈ ಕಾಲದ ಮಕ್ಕಳ ಸಂಗೀತವು ಕಿವಿಗೆ ಕರ್ಕಶವೆಂದೂ, ಹಿಂದಿನವರ ಪದಗಳನ್ನು ಅವರು ಕೆಡಿಸುತ್ತಿರುವರೆಂದೂ ಹಿರಿಯ ಗೃಹಸ್ಥರು ಕಲೆತಲ್ಲೆಲ್ಲ ಹೇಳಿಕೊಳ್ಳುವುದುಂಟು. ನಾವೂ ಆ ಗೋಷ್ಠಿಯಲ್ಲಿ ಬಹುವರ್ಷ ಮುಂದಾಳಾಗಿದ್ದವರೇ. ಆದಕಾರಣ ಈ ತಿಂಗಳು ಪರೋಪದೇಶವನ್ನು ಬದಿಗಿಟ್ಟು, ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುವೆವು.

2008ನೆಯ ಇಸವಿಯ ಮಾತು. ಮಗನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು. ರಜೆಗೆ ಊರಿಗೆ ಬಂದಾಗ ಬೆನ್ನಿಗೆ ಗಿಟಾರನ್ನು ತಗುಲಿಸಿಕೊಂಡು ಬಂದನು. ಆ ವರ್ಷದ ಫೆಬ್ರವರಿಯಲ್ಲಿ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ತಂಡದವರ 'ಅಂತರಾಗ್ನಿ' ಎಂಬ ಮೊದಲನೆಯ ಆಲ್ಬಮ್, ಎಂದರೆ ಗೀತಸಂಪುಟವು, ಹೊರಬಿದ್ದಿತ್ತು. ಶಿಶುನಾಳ ಶರೀಫಸಾಹೇಬರ 'ಗುಡುಗುಡಿಯಾ ಸೇದಿ ನೋಡೋ' ಎಂಬ ತತ್ತ್ವಪದವು ಅದರಲ್ಲಿದ್ದಿತು. ಮಗನು ಅದನ್ನು ನಮಗೆ ಕೇಳಿಸಬೇಕೆಂಬ ಉತ್ಸಾಹದಿಂದ ಹಚ್ಚಿದನು. ಡ್ರಮ್ಮಿನ ಮೊದಲ ಪೆಟ್ಟು ಬಿದ್ದೊಡನೆಯೇ ನಾವು ಕೈಯೆತ್ತಿ ನಿಲ್ಲಿಸೆಂದೆವು. ಏಕತಾರಿಯ ಪದಕ್ಕೆ ಈ ಅಬ್ಬರವೇಕೆಂದೂ, ಓದಲು ಹೋದವನು ತಂತಿ ಮೀಟುತ್ತ ಕುಳಿತರೆ ನಾಳೆ ಲೋಕವು ಏನೆಂದೀತೆಂದೂ, ಇನ್ನೂ ಬೇಡವಾದ ಎರಡು ಮಾತುಗಳನ್ನೂ ಆಡಿದೆವು. ಮಗನು ಎದುರಾಡಲಿಲ್ಲ. ಮರುದಿನ ಬೆಳಿಗ್ಗೆ ನಡುಮನೆಯ ಮೂಲೆಯಲ್ಲಿ ಗಿಟಾರು ಕಾಣಲಿಲ್ಲ. ಬುದ್ಧಿ ಬಂದಿತೆಂದು ನಾವು ಸಂತೋಷಪಟ್ಟೆವು.

ಇದರಲ್ಲಿನ ವಿಪರ್ಯಾಸವನ್ನು ವಾಚಕರು ಗಮನಿಸತಕ್ಕದ್ದು. ಕಾಳಿದಾಸ ಮಹಾಕವಿಯು ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಸೂತ್ರಧಾರನ ಬಾಯಿಂದ ಒಂದು ಮಾತನ್ನು ಹೇಳಿಸಿರುವನು: ಹಳೆಯದೆಂಬ ಮಾತ್ರಕ್ಕೆ ಕಾವ್ಯವು ಒಳ್ಳೆಯದಾಗದು, ಹೊಸದೆಂಬ ಮಾತ್ರಕ್ಕೆ ನಿಂದ್ಯವಾಗದು; ಬಲ್ಲವರು ಪರೀಕ್ಷಿಸಿ ಆರಿಸಿಕೊಳ್ಳುವರು, ಮೂಢನಾದರೋ ಪರರ ಬುದ್ಧಿಯನ್ನು ಹಿಡಿದು ನಡೆಯುವನು ಎಂಬುದು ಅದರ ಭಾವ. ಸಂಸ್ಕೃತದ ಉಪಾಧ್ಯಾಯರಾದ ನಾವು ಆ ಶ್ಲೋಕವನ್ನು ಮೂವತ್ತು ವರ್ಷ ಮಕ್ಕಳಿಗೆ ಪದಚ್ಛೇದ ಅನ್ವಯಗಳೊಡನೆ ಪಾಠ ಹೇಳಿದೆವು. ಕಂಠಪಾಠವಾಗದವರನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಹೊಸದೊಂದು ನಮ್ಮ ಹೊಸ್ತಿಲನ್ನು ದಾಟಿ ಬಂದ ದಿನ ಮಾತ್ರ ಅದರ ಒಂದು ಪಾದವೂ ನೆನಪಿಗೆ ಬರಲಿಲ್ಲ.

ಅಟ್ಟದಿಂದ ಇಳಿಸಿದ ಗಿಟಾರನ್ನು ಒರೆಸಿ ಮೂಲೆಯಲ್ಲಿಟ್ಟೆವು. ದೀಪಾವಳಿಗೆ ಮಗನೂ ಸೊಸೆಯೂ ಆರು ವರ್ಷದ ಮೊಮ್ಮಗನೂ ಬೆಂಗಳೂರಿನಿಂದ ಬಂದರು. ಮೊಮ್ಮಗನು ಬಂದವನೇ, "ತಾತಾ, ಇದು ಯಾರದು?" ಎಂದನು. ನಿಮ್ಮಪ್ಪನದೆಂದೆವು. ಮಗನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಬಳಿಕ ಬೆರಳಿನಿಂದ ಒಂದು ತಂತಿಯನ್ನು ಮೀಟಿದನು. ತುಕ್ಕು ಹಿಡಿದಿದ್ದ ತಂತಿಯು ಕಡಿದುಹೋಯಿತು. "ಇರಲಿ ಬಿಡಿ ಅಪ್ಪಾ, ಬೆರಳುಗಳೂ ಮರೆತುಬಿಟ್ಟಿವೆ" ಎಂದು ನಕ್ಕನು. ಆ ನಗೆಯು ನಮಗೆ ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ.

ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತಿದ್ದಾಗ, ಅಂದಿನ ಆ ಹಾಡುಗಾರರು ಏನಾದರೆಂದು ಕೇಳಿದೆವು. ಮಗನು ಆಶ್ಚರ್ಯದಿಂದ ನಮ್ಮ ಮುಖವನ್ನು ನೋಡಿ, ಅವರು ನಿಲ್ಲಿಸಲಿಲ್ಲವೆಂದೂ, 2010ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರೆಂದೂ, 2011ರಲ್ಲಿ ಅಲ್ಲಿಯ 'ಸಾಂಗ್‌ಲೈನ್ಸ್' ಪತ್ರಿಕೆಯು ಹೊಸಬರಿಗಾಗಿ ಕೊಡುವ ಪ್ರಶಸ್ತಿಯನ್ನು ಪಡೆದರೆಂದೂ, 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯ ಸಂಪುಟವನ್ನೂ 2023ರಲ್ಲಿ 'ಶಕ್ಕರ್' ಎಂಬ ಇನ್ನೊಂದನ್ನೂ ಹೊರತಂದರೆಂದೂ ತಿಳಿಸಿದನು. ಇಷ್ಟೆಲ್ಲವೂ ನಡೆದಿತ್ತು, ನಾವು ಒಂದು ದಿನವಾದರೂ ವಿಚಾರಿಸಿರಲಿಲ್ಲ, ಅವನೂ ಹೇಳಿರಲಿಲ್ಲ. ಎರಡನೆಯ ಸಂಪುಟವನ್ನು ಕೇಳಿಸುವೆಯಾ ಎಂದೆವು. ಅವನು ಮೊಬೈಲನ್ನು ಸಣ್ಣದೊಂದು ಸ್ಪೀಕರಿಗೆ ಜೋಡಿಸಿ ಕಿಟಕಿಯ ಮೇಲಿಟ್ಟನು.

ಎರಡನೆಯದನ್ನೇ ಏಕೆ ಕೇಳಿದಿರಿ ಎಂದು ವಾಚಕರು ಪ್ರಶ್ನಿಸಬಹುದು. ಮೊದಲನೆಯ ಕೃತಿಯಲ್ಲಿ ಕರ್ತೃವು ಹುಟ್ಟಿದಂದಿನಿಂದ ಕೂಡಿಟ್ಟುದೆಲ್ಲವೂ ಇರುತ್ತದೆ. ಮದುವೆಯ ಮನೆಯ ಅಡಿಗೆಯಂತೆ ಅದಕ್ಕೆ ಸಿದ್ಧತೆಯೂ ಬಹಳ, ಹೊಗಳುವವರೂ ಬಹಳ. ಎರಡನೆಯದಾದರೋ ಮದುವೆಯಾದ ಐದನೆಯ ವರ್ಷದಲ್ಲಿ ಸೊಸೆಯು ಮಾಡುವ ಮಂಗಳವಾರದ ಸಾರು. ಸಂಸಾರವು ನಿಂತಿತೋ ಇಲ್ಲವೋ ಎಂಬುದು ತಿಳಿಯುವುದು ಅದರಿಂದಲೇ. ಮಗನು ಈ ಮಾತನ್ನು ಒಪ್ಪಿ, ಅಮೆರಿಕದ ದಕ್ಷಿಣ ಸಂಸ್ಥಾನಗಳ ತಂಡವೊಂದರ ಕಥೆಯನ್ನು ಹೇಳಿದನು. 'ಆಲ್ಮನ್ ಬ್ರದರ್ಸ್ ಬ್ಯಾಂಡ್' ಎಂಬುದು ಅದರ ಹೆಸರು. 1969ರಲ್ಲಿ ಹುಟ್ಟಿ, ಜಾರ್ಜಿಯಾ ಸಂಸ್ಥಾನದ ಮೇಕನ್ ಎಂಬ ಊರಿನಲ್ಲಿ ನೆಲೆನಿಂತಿತು. ಆ ಸೀಮೆಯ ಕಪ್ಪುಜನರ ದುಃಖಗೀತಗಳನ್ನೂ ಹಳ್ಳಿಗಾಡಿನ ಮಟ್ಟುಗಳನ್ನೂ ವಿದ್ಯುತ್ ಗಿಟಾರಿಗೆ ಅಳವಡಿಸಿ ಅವರು ಹಾಡಿದರು. ಬಿಳಿಯರೂ ಕಪ್ಪುಜನರೂ ಒಂದೇ ವೇದಿಕೆಯಲ್ಲಿ ಕುಳಿತು ನುಡಿಸಿದರು. ದಕ್ಷಿಣದ ರಾಕ್ ಎಂದು ಹೆಸರಾದುದು ಇದೇ. ಅಣ್ಣನಾದ ಡ್ವೇನ್ ಆಲ್ಮನ್ 1971ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮೋಟಾರ್ ಸೈಕಲ್ಲಿನ ಅಪಘಾತದಿಂದ ತೀರಿಕೊಂಡನು. ತಮ್ಮನಾದ ಗ್ರೆಗ್ ಮೊದಲಾದವರು ಬಿಟ್ಟೂ ಕೂಡಿಯೂ ತಂಡವನ್ನು ನಡೆಸಿ, 2003ರಲ್ಲಿ ಕೊನೆಯ ಸ್ಟುಡಿಯೋ ಸಂಪುಟವನ್ನು ಹೊರತಂದರು. ಮೊದಲನೆಯದನ್ನು ಕೇಳಿದವನು ಅವರ ಯೌವನವನ್ನು ಬಲ್ಲನು, ಕೊನೆಯದನ್ನೂ ಕೇಳಿದವನು ಅವರನ್ನು ಬಲ್ಲನು ಎಂದು ಮಗನು ಹೇಳಿದಾಗ, ಇವನು ಇಂಥ ಮಾತನ್ನಾಡಲು ಯಾವಾಗ ಕಲಿತನೆಂದು ನಾವು ಬೆರಗಾದೆವು.

ನಮ್ಮ ದಕ್ಷಿಣದ ಈ ತಂಡದ ನಾಯಕರು ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕವನ್ನು ಪಡೆದವರು. ಭರತನಾಟ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು. ಬಣ್ಣದ ಲುಂಗಿಯನ್ನುಟ್ಟು ಕಾಲಿಗೆ ಗೆಜ್ಜೆಯನ್ನು ಕಟ್ಟಿ ಗಿಟಾರನ್ನು ಹಿಡಿದು ಹಾಡುವುದು ಇವರ ಪದ್ಧತಿ. 'ಜಗ್ ಚಂಗಾ'ದಲ್ಲಿ ಹಿಂದಿಯ ಹಾಡುಗಳೂ ಕನ್ನಡದ ಹಾಡುಗಳೂ ಕೂಡಿವೆ. ಶರೀಫರ 'ಲೋಕದ ಕಾಳಜಿ' ಎಂಬ ಪದವು ಇದರಲ್ಲಿದೆ.

ಆ ಪದವನ್ನು ನಾವು ಮೂರು ಸಲ ಹಾಕಿಸಿ ಕೇಳಿದೆವು. ಮೊದಲನೆಯ ಸಲ ಡ್ರಮ್ಮು ಗಿಟಾರುಗಳ ಸದ್ದೇ ಕಿವಿಯನ್ನು ತುಂಬಿತು. ಎದ್ದು ಒಳಗೆ ಹೋಗುವ ಮನಸ್ಸಾದರೂ ಈ ಸಲ ಏಳಲಿಲ್ಲ. ಎರಡನೆಯ ಸಲ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದುವು. ಮೂರನೆಯ ಸಲಕ್ಕೆ ಮೊಮ್ಮಗನು ಚಪ್ಪಾಳೆ ತಟ್ಟುತ್ತಿದ್ದನು. ನಮ್ಮ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ನಮ್ಮ ಮನೆಯವರು ಬಾಗಿಲಿನಿಂದ ನೋಡಿದರು. ಭಜನೆಯ ಮೇಳದಲ್ಲಿ ದಮ್ಮಡಿಯು ಮಾಡುವ ಕೆಲಸವನ್ನೇ ಇಲ್ಲಿ ಡ್ರಮ್ಮು ಮಾಡುತ್ತಿದೆಯೆಂಬುದು ಆಗ ಹೊಳೆಯಿತು. ಹಾಡಿನ ಕಾಲನ್ನು ನೆಲಕ್ಕೆ ಊರಿಸುವುದು, ಕೇಳುವವನ ಮೈಯನ್ನು ಹಾಡಿನೊಳಕ್ಕೆ ಎಳೆಯುವುದು, ಇಷ್ಟೇ ಆ ಕೆಲಸ.

ಈ ಸಂಬಂಧವು ನಮಗೆ ಹೊಳೆಯುವುದಕ್ಕೆ ಕಾರಣವೊಂದುಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸುವುವು. ನಮ್ಮ ಸೇವೆಯೆಲ್ಲವೂ ಈ ನಾಲ್ಕರಲ್ಲಿಯೇ ಸವೆಯಿತು. ಆಂಧ್ರದ ನಡುವೆ ಚಾಚಿಕೊಂಡಿರುವ ಪಾವಗಡದಲ್ಲಿ, ಏಕಾದಶಿಯ ರಾತ್ರಿ ಒಂದೇ ಮೇಳದವರು ತೆಲುಗಿನ ತತ್ತ್ವವನ್ನೂ ಕನ್ನಡದ ಪದವನ್ನೂ ಒಂದೇ ಮಟ್ಟಿನಲ್ಲಿ ಹಾಡುವುದನ್ನು ಕೇಳಿದ್ದೆವು. ಶಿರಾ ಸೀಮೆಯಲ್ಲಿ ಕಾಡುಗೊಲ್ಲರು 'ಗಣೆ' ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತ ಜುಂಜಪ್ಪನ ಕಥೆಯನ್ನು ಬೆಳಗಿನ ತನಕ ಹೇಳುವುದನ್ನು ಕೇಳಿದ್ದೆವು. ನಿನ್ನೆ ಹೇಳಿದಂತೆಯೇ ಇಂದೂ ಹೇಳಿದರೇ ಎಂದು ಅಲ್ಲಿ ಯಾರೂ ತಾಳೆ ನೋಡುವುದಿಲ್ಲ. ಕಥೆಯು ಜುಂಜಪ್ಪನದಾಗಿದ್ದರೆ ಸಾಕು. ಕೊರಟಗೆರೆ ಮಧುಗಿರಿಗಳ ಜಾತ್ರೆಗಳಲ್ಲಿ ಉರುಮೆ ತಮಟೆಗಳ ಮುಂದೆ ನಿಂತವರಿಗೆ ರಘು ದೀಕ್ಷಿತರ ಡ್ರಮ್ಮು ಅಬ್ಬರವೆನ್ನುವ ಬಾಯಿಯೇ ಇರಲಾರದು. ಇಷ್ಟನ್ನೆಲ್ಲ ಕೇಳಿದ ಕಿವಿಯೇ ಮಗನ ಗಿಟಾರಿಗೆ ಮುಚ್ಚಿಕೊಂಡಿತ್ತು.

ಪೂರ್ವಕಾಲದ ಮಟ್ಟನ್ನು ಕೆಡಿಸಿದರೆಂಬ ನಮ್ಮ ಆಕ್ಷೇಪಣೆಯೂ ವಿಚಾರ ಮಾಡಿದಾಗ ನಿಲ್ಲಲಿಲ್ಲ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ದಿವಂಗತರಾದರು. ಅವರ ಕಾಲದಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರವು ನಮ್ಮ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಪದಗಳು ಉಳಿದುದು ಭಜನೆಯವರ ಬಾಯಿಯಲ್ಲಿ. ಊರೂರಿಗೆ ಮಟ್ಟು ಬೇರೆಯಾಯಿತು. ಹಾಗಾದರೆ ನಾವು ಶರೀಫರದೆಂದು ನಂಬಿದ್ದ ಮಟ್ಟು ಯಾರದು? ನಮ್ಮ ಯೌವನದಲ್ಲಿ, 1980ರ ದಶಕದಲ್ಲಿ, ಕ್ಯಾಸೆಟ್ಟುಗಳ ಮೂಲಕ ಮನೆಮನೆಗೂ ಬಂದ ಸಿ. ಅಶ್ವತ್ಥರ ಗಾಯನವದು. 1990ರಲ್ಲಿ ಟಿ. ಎಸ್. ನಾಗಾಭರಣರು 'ಸಂತ ಶಿಶುನಾಳ ಶರೀಫ' ಎಂಬ ಚಲಚ್ಚಿತ್ರವನ್ನು ತೆಗೆದಾಗ ಅದಕ್ಕೆ ಸಂಗೀತವನ್ನು ಕೂಡಿಸಿದವರೂ ಅಶ್ವತ್ಥರೇ. ಆ ಮಹನೀಯರು ಹಾರ್ಮೋನಿಯಂ, ತಬಲಾ, ಪಿಟೀಲುಗಳ ಮೇಳದೊಡನೆ ಎದೆಯುಬ್ಬಿ ಹಾಡಿದುದನ್ನು ಕೇಳಿ, ಹೀಗೂ ಹಾಡುವುದುಂಟೇ ಎಂದು ನಮ್ಮ ತಂದೆಯವರು ಹುಬ್ಬುಗಂಟಿಕ್ಕಿದ್ದರು. ನಾವು ನಮ್ಮ ತಂದೆಯವರಿಗೆ ವಿರೋಧವಾಗಿ ಪ್ರೀತಿಸಿದ ಹೊಸದನ್ನೇ, ನಮ್ಮ ಮಗನಿಗೆ ಎದುರಾಗಿ ಸನಾತನವೆಂದು ಹಿಡಿದುಕೊಂಡೆವು!

ವಾದ್ಯಗಳ ವಿಷಯವೂ ಹಾಗೆಯೇ. ಪಿಟೀಲು ಯುರೋಪಿನದು, ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. ಹಾರ್ಮೋನಿಯಂ ಎಂಬುದು 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡುದು. ನಮ್ಮ ಜಿಲ್ಲೆಯಲ್ಲಿಯೇ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಲಿಗಳ ರಂಗಗೀತೆಗಳನ್ನು ಹಾರ್ಮೋನಿಯಮ್ಮಿಲ್ಲದೆ ಯಾರು ಊಹಿಸಬಲ್ಲರು? ಆದರೂ ಅದು ಪರದೇಶದ ವಾದ್ಯವೆಂದೂ, ನಮ್ಮ ಗಮಕಗಳು ಅದರಲ್ಲಿ ನುಡಿಯವೆಂದೂ ಎಣಿಸಿ, 1940ರಲ್ಲಿ ಅಖಿಲ ಭಾರತ ರೇಡಿಯೋದವರು ಅದನ್ನು ಬಹಿಷ್ಕರಿಸಿದರು. ಆ ಬಹಿಷ್ಕಾರವು ಸಡಿಲವಾಗಲು 1971ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ನಾಡಿನ ಭಜನಾಮಂದಿರಗಳಲ್ಲೆಲ್ಲ ಅದು ದೇವರ ಪಕ್ಕದಲ್ಲಿಯೇ ಕುಳಿತುಬಿಟ್ಟಿದ್ದಿತು. ಬಲ್ಲವರಿಗೇ ಮೂವತ್ತೊಂದು ವರ್ಷ ಹಿಡಿದಿರಲು, ಮಧುಗಿರಿಯ ಉಪಾಧ್ಯಾಯನೊಬ್ಬನಿಗೆ ಹದಿನೈದು ವರ್ಷಕ್ಕೆ ಮೇಲೆ ಹಿಡಿದುದು ವಿಶೇಷವಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ರೇಡಿಯೋದವರ ಹಾರ್ಮೋನಿಯಂ ಬೇರೆಯವರ ಮನೆಯಲ್ಲಿ ನುಡಿಯುತ್ತಲೇ ಇದ್ದಿತು. ನಮ್ಮ ಮನೆಯ ಗಿಟಾರು ನುಡಿಯಲಿಲ್ಲ.

ಎಲ್ಲವೂ ಮೆಚ್ಚಿಗೆಯಾಯಿತೆಂದು ಹೇಳಿದರೆ ಅದು ಸತ್ಯವಾಗದು. ಪರೀಕ್ಷಿಸಿ ಆರಿಸಿಕೊಳ್ಳುವ ಹಕ್ಕನ್ನು ಕಾಳಿದಾಸನು ಮುದುಕರಿಂದಲೂ ಕಿತ್ತುಕೊಂಡಿಲ್ಲ. ಸಂಪುಟದ ಕೆಲವು ಹಾಡುಗಳು ನಮ್ಮ ಮನಸ್ಸನ್ನು ಮುಟ್ಟಲಿಲ್ಲ. ತತ್ತ್ವಪದದಲ್ಲಿ ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಅರ್ಥವು ಇಳಿಯಲು ಸ್ವಲ್ಪ ಬಿಡುವು ಬೇಕು. ವೇಗವೇರಿದಾಗ ಆ ಬಿಡುವು ತಪ್ಪುವುದೆಂದು ನಮಗೆ ತೋರಿತು. ಇದನ್ನು ಮಗನಿಗೆ ಹೇಳಿದೆವು. ಅವನು, ಬಿಡುವನ್ನು ತಾಳವೇ ಕೊಡುವುದೆಂದು ವಾದಿಸಿದನು. ಇಬ್ಬರೂ ಹನ್ನೊಂದು ಗಂಟೆಯವರೆಗೆ ಚರ್ಚಿಸಿದೆವು. ನಮ್ಮ ಮನೆಯಲ್ಲಿ ತಂದೆ ಮಕ್ಕಳು ಸಂಗೀತವನ್ನು ಕುರಿತು ಮಾತನಾಡಿದುದು ಅದೇ ಮೊದಲು.

ಆ ಪದದ ತಿರುಳು ನಮ್ಮನ್ನು ಅರೆಗಳಿಗೆ ಸುಮ್ಮನಾಗಿಸಿತು. ಲೋಕದ ಚಿಂತೆಯನ್ನೆಲ್ಲ ತಾನೇ ಹೊತ್ತಿರುವೆನೆಂದು ಬೀಗುವವನನ್ನು ಶರೀಫರು ಅದರಲ್ಲಿ ನಗುತ್ತ ವಿಚಾರಿಸಿಕೊಳ್ಳುತ್ತಾರೆ. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಶಾಲಾಮಾಸ್ತರರಾಗಿದ್ದವರು ಅವರು; ಆದಕಾರಣ ಮಾಸ್ತರರ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಕಳಸದ ಗೋವಿಂದಭಟ್ಟರು ಈ ಮುಸಲ್ಮಾನ ಶಿಷ್ಯನಿಗೆ ಜನಿವಾರವನ್ನು ಹಾಕಿದರೆಂದು ಪ್ರತೀತಿಯುಂಟು. ಲೋಕವು ಏನೆಂದೀತೆಂದು ಆ ಗುರುವು ಕೇಳಿಕೊಂಡಿದ್ದರೆ ಶಿಷ್ಯನೂ ಇರುತ್ತಿರಲಿಲ್ಲ, ಪದಗಳೂ ಇರುತ್ತಿರಲಿಲ್ಲ. ನಾವಾದರೋ ಆ ಪ್ರಶ್ನೆಯನ್ನೇ ಮುಂದಿಟ್ಟು ಮಗನ ಕೈಯಿಂದ ಗಿಟಾರನ್ನು ಇಳಿಸಿದೆವು. ಆ ಲೋಕವು ಅಂದಿನಿಂದ ಇಂದಿನವರೆಗೆ ನಮ್ಮ ಮನೆಗೆ ಬಂದು ಒಂದು ಮಾತನ್ನೂ ವಿಚಾರಿಸಿಲ್ಲ.

ಮರುದಿನ ಹೊರಡುವ ಮುನ್ನ, ಅಂದು ನಾವು ಆಡಿದ ಮಾತು ಕಟುವಾಯಿತೆಂದು ಮಗನಿಗೆ ಹೇಳಿದೆವು. ಅವನು ಸ್ವಲ್ಪ ಯೋಚಿಸಿ, "ಬೈದಿದ್ದಕ್ಕೆ ನನಗೇನೂ ಬೇಜಾರಿರಲಿಲ್ಲ ಅಪ್ಪಾ. ಒಂದು ಸಲವಾದರೂ ಪೂರ್ತಿ ಕೇಳಿ ಆಮೇಲೆ ಬೈದಿದ್ದರೆ ಚೆನ್ನಾಗಿತ್ತು" ಎಂದನು. ಮೂವತ್ತು ವರ್ಷ ನಾವು ಹೇಳಿದ ಪಾಠಗಳ ಸಾರವನ್ನು ಅವನು ಒಂದೇ ವಾಕ್ಯದಲ್ಲಿ ನಮಗೆ ಹಿಂದಿರುಗಿಸಿದನು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮಕ್ಕಳು ತಾವಾಗಿ ಬಂದು, ಇದನ್ನು ಕೇಳಿ ಎಂದು ಹೇಳುವ ವಯಸ್ಸು ಬಹಳ ದಿನ ಇರತಕ್ಕದ್ದಲ್ಲ. ಹೇಳಿದ ದಿನ ಕೈಯಲ್ಲಿರುವ ಪತ್ರಿಕೆಯನ್ನು, ಇದೇ ಆಗಿದ್ದರೂ ಸರಿಯೇ, ಮಡಿಸಿಟ್ಟು ಹಾಡು ಮುಗಿಯುವವರೆಗೆ ಕುಳಿತುಕೊಳ್ಳಿರಿ. ಮೆಚ್ಚಲೇಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಕೇಳಿದ ಬಳಿಕ ಹೇಳುವ ಆಕ್ಷೇಪಣೆಯನ್ನು ಮಕ್ಕಳು ವಿಮರ್ಶೆಯೆನ್ನುವರು. ಕೇಳದೆ ಹೇಳಿದುದನ್ನು ಅವರು ಏನೆನ್ನುವರೋ ಅದನ್ನು ನಮ್ಮೆದುರಿಗೆ ಹೇಳುವುದಿಲ್ಲ.

ಗಿಟಾರು ಈಗ ಅಟ್ಟದ ಮೇಲಿಲ್ಲ. ತುಮಕೂರಿಗೆ ಹೋಗಿದ್ದಾಗ ಹೊಸ ತಂತಿಗಳನ್ನು ತಂದು, ಬಲ್ಲವರಿಂದ ಹಾಕಿಸಿ, ನಡುಮನೆಯಲ್ಲಿ ತಂಬೂರಿಯ ಪಕ್ಕದ ಗೂಟಕ್ಕೆ ತಗುಲಿಸಿದ್ದೇವೆ. ಮಗನ ಬೆರಳುಗಳಿಗೆ ನೆನಪು ಬರುವುದೋ, ಮೊಮ್ಮಗನು ಮೊದಲಿನಿಂದ ಕಲಿಯುವನೋ ನಾವರಿಯೆವು. ಆ ಕಾಳಜಿಯನ್ನು ನಾವು ಹೊರತಕ್ಕದ್ದಲ್ಲವೆಂದು ನಮ್ಮ ಮನೆಯವರು ಎಚ್ಚರಿಸಿರುವರು. ಧೂಳು ಕೂರದಂತೆ ವಾರಕ್ಕೊಂದು ದಿನ ಒರೆಸುವ ಕೆಲಸವನ್ನು ಮಾತ್ರ ನಮಗೆ ವಹಿಸಿದ್ದಾರೆ.